ಯಾವ ಬೇರೆಂಟ್?

ಹೊಸ ಮೇಯರ್ ಫ್ರಾವ್ ಓಲ್ಟ್‌ಮಾನ್ ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಹಾಸೆನ್‌ಬ್ರೋಕ್ ಪಟ್ಟಣ ಇನ್ನೊಂದು ನೂರು ವರ್ಷ ನೆಮ್ಮದಿಯಾಗಿ ಇರುತ್ತಿತ್ತು. ಬೇರೆಂಟ್ ಬೀದಿಯ ಫಲಕದ ಕೆಳಗೆ ವಿವರದ ಚಿಕ್ಕ ಫಲಕ ಯಾಕಿಲ್ಲ, ಅದು ಯಾವ ಬೇರೆಂಟ್ ಎಂದು ಆಕೆ ಕೇಳಿಬಿಟ್ಟರು.

ಊರಿನ ಚರಿತ್ರೆಯಲ್ಲಿ ಹೆಸರು ಮಾಡಿದ ಬೇರೆಂಟ್‌ಗಳು ಇಬ್ಬರು. ಒಬ್ಬ, ಸ್ವೀಡನ್ನಿನ ಸೈನಿಕರು ಚರ್ಚಿನ ಗಂಟೆ ಕರಗಿಸಿ ಫಿರಂಗಿ ಮಾಡಲು ಬಂದಾಗ ಅದನ್ನು ತಿಪ್ಪೆಯಲ್ಲಿ ಹೂತು ಉಳಿಸಿದವನು. ಇನ್ನೊಬ್ಬ, ಆಮೇಲೆ ಫ್ರೆಂಚರು ಬಂದಾಗ ತಾನೇ ಹೋಗಿ ಕೋಟೆಬಾಗಿಲು ತೆರೆದು ಒಳಗೆ ಕರೆದವನು. ಈಗ ಊರಲ್ಲಿ ಬೇರೆಂಟ್ ಮನೆತನ ಮೂರು. ಒಂದರ ಹೆಸರಿನ ಕೊನೆಗೆ ‘ಡಿ’, ಇನ್ನೊಂದಕ್ಕೆ ‘ಟಿ’, ಮೂರನೆಯದಕ್ಕೆ ‘ಡಿಟಿ’. ಬಾಯಲ್ಲಿ ಮೂರೂ ಒಂದೇ. ಕಾಗದದ ಮೇಲೆ ಮಾತ್ರ ಬದ್ಧವೈರ. ಬೀದಿ ಗಂಟೆ ಉಳಿಸಿದವನದು, ಅವನು ತಮ್ಮವನು, ಬಾಗಿಲು ತೆರೆದವನು ಆ ಬದಿಯ ಮನೆಯವನು ಎಂದು ಮೂರೂ ಮನೆಯವರು ಹೇಳುತ್ತಿದ್ದರು.

ಹೀಗಾಗಿ ಚಿಕ್ಕ ಫಲಕಕ್ಕೆ ಸಾಲು ಬರೆಯುವ ಕೆಲಸ ಲೋಥಾರ್ ಪೊಟ್‌ನ ಕೊರಳಿಗೆ ಬಿತ್ತು. ಪುರಸಭೆಯಲ್ಲಿ ಬೇರೆಂಟ್‌ಗಳ ನಂಟಿಲ್ಲದವನು ಅವನೊಬ್ಬನೇ. ಅವನ ಅಜ್ಜ ಎರಡು ಹಳ್ಳಿ ಆಚೆಯ ಎಲ್ಲರ್‌ಡೋರ್ಫ್‌ನಿಂದ ಬಂದವನಂತೆ. ಲೋಥಾರ್ ದಾಖಲೆ ಕೋಣೆಯ ಗುಮಾಸ್ತ. ಕಾಗದಗಳು ಮಾತಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇಪ್ಪತ್ತೆರಡು ವರ್ಷದಿಂದ ಆ ಕೋಣೆಯನ್ನು ಪ್ರೀತಿಸಿಕೊಂಡು ಬಂದಿದ್ದ. ಹೋದ ತಿಂಗಳು ಬಾವಿಯ ಫಲಕದಲ್ಲಿ ಇಸವಿ ತಿರುವುಮುರುವಾಗಿತ್ತು. ಇನ್ನೊಂದು ಎಡವಟ್ಟಾದರೆ ಅವನನ್ನು ನೆಲಮಾಳಿಗೆಯ ಕಳೆದುಹೋದ ವಸ್ತುಗಳ ವಿಭಾಗಕ್ಕೆ ಹಾಕುವುದಾಗಿ ಮೇಯರ್ ಹೇಳಿದ್ದರು. ಅಲ್ಲಿ ದಿನವಿಡೀ ಜನ ಬಂದು ಛತ್ರಿಯ ನೆನಪು ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

ಗುರುವಾರ ಸಂಜೆ ನಾಲ್ಕಕ್ಕೆ ಸಮಿತಿಯ ಮುಂದೆ ಫಲಕದ ಸಾಲು ಓದಬೇಕಿತ್ತು. ಬೆಳಿಗ್ಗೆ ಎಂಟಕ್ಕೇ ‘ಡಿ’ ಮನೆಯ ವಾಲ್‌ಟ್ರಾವ್ಟ್ ಪ್ಲಮ್ ಕೇಕ್ ಹಿಡಿದು ಬಂದಳು. ಎಂಬತ್ತು ದಾಟಿದ ಮುದುಕಿ, ಗದ್ದ ಮಾತ್ರ ಸುತ್ತಿಗೆಯಂತೆ ಮುಂದೆ ಚಾಚಿತ್ತು. ಸರ್ಕಾರಿ ನೌಕರ ಉಡುಗೊರೆ ಮುಟ್ಟುವಂತಿಲ್ಲ ಎಂದು ಲೋಥಾರ್ ಮೆಲ್ಲಗೆ ತಿಳಿಸಿದ.

“ಯಾರ್ರೀ ನಿಮಗೆ ಕೊಟ್ಟಿದ್ದು? ಕಿಟಕಿ ಮೇಲೆ ಆರೋಕೆ ಇಡ್ತಿದೀನಿ,” ಎಂದು ಮುದುಕಿ ಇಟ್ಟು ಹೋದಳು.

ಒಂಬತ್ತೂವರೆಗೆ ‘ಟಿ’ ಮನೆಯ ಎಕ್‌ಹಾರ್ಡ್, ನಿವೃತ್ತ ರೈಲ್ವೆ ಗಾರ್ಡ್, ವಂಶವೃಕ್ಷದ ಸುರುಳಿ ಬಿಚ್ಚಿದ. ಅದು ಮೇಜು ದಾಟಿ, ಬಾಗಿಲು ದಾಟಿ, ಮೆಟ್ಟಿಲವರೆಗೆ ಹೋಯಿತು. ಗಂಟೆ ಹೂತವನ ಜಾಗ ಬಂದಾಗ ಹಾಳೆಯಲ್ಲಿ ಕಾಫಿಯ ಕಲೆ ಇತ್ತು. ಆ ಕಲೆಯ ಕೆಳಗೆ ಇರುವುದು ತನ್ನ ಪೂರ್ವಜನೇ ಎಂದು ಎಕ್‌ಹಾರ್ಡ್ ಆಣೆ ಮಾಡಿದ. ಅವನು ಹಾಳೆ ಸುತ್ತುತ್ತಿರುವಾಗಲೇ ‘ಡಿಟಿ’ ಮನೆಯ ಔಷಧಿ ಅಂಗಡಿಯಾಕೆ ಇಲ್ಜೆ ಬಂದು ಅದನ್ನು ತುಳಿದಳು. ಬೇಕೆಂದು ತುಳಿದಳೋ ಇಲ್ಲವೋ ಎಂಬ ಚರ್ಚೆಯಲ್ಲೇ ಹನ್ನೊಂದಾಯಿತು. ಹೋಗುವಾಗ ಆಕೆ ಲೋಥಾರನ ರಕ್ತದೊತ್ತಡದ ಮಾತ್ರೆ ತನ್ನ ಅಂಗಡಿಯಿಂದಲೇ ಹೋಗುತ್ತದೆ ಎಂಬುದನ್ನು ನಗುನಗುತ್ತಾ ನೆನಪಿಸಿದಳು.

ಲೋಥಾರ್ ಬಾಗಿಲಿಗೆ ಚಿಲಕ ಹಾಕಿ ಚರ್ಚಿನ ಹಳೇ ಪುಸ್ತಕ ತೆರೆದ. ಒಂದೇ ಮನುಷ್ಯನ ಹೆಸರನ್ನು ಅಂದಿನ ಪಾದ್ರಿ ಒಂದು ಪುಟದಲ್ಲಿ ‘ಡಿ’ ಹಾಕಿ, ಇನ್ನೊಂದರಲ್ಲಿ ‘ಟಿ’ ಹಾಕಿ, ಮತ್ತೊಂದರಲ್ಲಿ ಎರಡೂ ಹಾಕಿ ಬರೆದಿದ್ದ. ಸತ್ತು ನಾನ್ನೂರು ವರ್ಷವಾಗಿದ್ದರೂ ಪಾದ್ರಿಯ ಮೇಲೆ ಲೋಥಾರನಿಗೆ ಸಿಟ್ಟು ಬಂತು.

ಮೂರೂಕಾಲಿಗೆ ಮದುವೆಗಳ ಪುಟದಲ್ಲಿ ಅದು ಸಿಕ್ಕಿತು. ಗಂಟೆ ಹೂತ ಹಿನ್ರಿಕ್ ಹುಟ್ಟಿನಿಂದ ಬೇರೆಂಟನೇ ಅಲ್ಲ. ಹೆಂಡತಿಯ ಮನೆಗೆ, ಮೂರರಲ್ಲಿ ಯಾವುದೆಂದು ಹೇಳಲಾಗದ ಒಂದು ಬೇರೆಂಟ್ ಮನೆಗೆ, ಮನೆಅಳಿಯನಾಗಿ ಬಂದವನು. ಆ ಸೀಮೆಯಲ್ಲಿ ಯಾರ ಒಲೆಯ ಮುಂದೆ ಕೂತು ಉಂಡರೆ ಅವರ ಹೆಸರೇ ನಿಲ್ಲುತ್ತಿತ್ತು. ಹುಟ್ಟಿದ ಮನೆಯ ಹೆಸರನ್ನೂ ಪಾದ್ರಿ ಕೆಳಗೆ ಸ್ಪಷ್ಟವಾಗಿ ಬರೆದಿದ್ದ: ಎಲ್ಲರ್‌ಡೋರ್ಫಿನ ಪೊಟ್.

ಲೋಥಾರ್ ಕನ್ನಡಕ ತೆಗೆದು ಒರೆಸಿದ. ಹಾಕಿಕೊಂಡ. ಪೊಟ್ ಅಲ್ಲೇ ಇತ್ತು.

ಪುಸ್ತಕ ಮುಚ್ಚಿ ಯಾವುದಾದರೂ ಒಂದು ಬೇರೆಂಟ್ ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳು ಬರೆದು ಆ ಕಾಗದಗಳ ನಡುವೆ ಹೇಗೆ ಕೂರುವುದು? ನಾಲ್ಕಕ್ಕೆ ಸಮಿತಿಯ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಓದಿದ.

ಕೇಳಲು ಬಂದಿದ್ದ, ನಲವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂರದ ಮೂವರು ಬೇರೆಂಟ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಪಕ್ಷಪಾತ ಇಲ್ಲದ ಮನುಷ್ಯ ಅಂತ ಇವರನ್ನ ಕೂರಿಸಿದ್ರೆ, ಬೀದಿನೇ ಮನೆಗೆ ಹೊತ್ಕೊಂಡು ಹೋಗ್ತಿದಾರಲ್ಲ,” ಎಂದ ಎಕ್‌ಹಾರ್ಡ್. ಉಳಿದಿಬ್ಬರೂ ತಲೆಯಾಡಿಸಿದರು.

ಮೇಯರ್ ನಿಯಮದ ಪುಸ್ತಕ ತಿರುವಿದರು. ಸ್ವಂತ ಬಂಧುಗಳ ವಿಷಯದ ಕಡತವನ್ನು ನೌಕರ ಮುಟ್ಟುವಂತಿಲ್ಲ. ಅದು ನಾನ್ನೂರು ವರ್ಷ ಹಳೆಯ ಬಂಧುವಾದರೆ ಪರವಾಗಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ.

“ಹೆರ್ ಪೊಟ್, ಇವತ್ತು ಗುರುವಾರ, ಕಚೇರಿ ಆರರವರೆಗೆ ಇರುತ್ತೆ,” ಎಂದರು ಮೇಯರ್, ಬಹಳ ಮೃದುವಾಗಿ. “ನೆಲಮಾಳಿಗೆಗೆ ಈಗಲೇ ಹೋಗಿಬಿಡಿ.”

ಮೆಟ್ಟಿಲಿಳಿಯುವಾಗ ಲೋಥಾರನಿಗೆ ಆಶ್ಚರ್ಯವಾಗುವಷ್ಟು ಹಗುರವೆನಿಸಿತು. ಛತ್ರಿಗಳಾದರೇನು, ಬೇರೆಂಟ್‌ಗಳ ಕಾಟ ತಪ್ಪಿತಲ್ಲ. ಧೂಳು ಹೊಡೆದು, ಒಂಟಿ ಕೈಗವಸುಗಳನ್ನು ಪಕ್ಕಕ್ಕೆ ಸರಿಸಿ, ಅರ್ಜಿ ನಮೂನೆಯ ಕಟ್ಟು ಮುಂದಿಟ್ಟು ಕೂತ. ಐದಕ್ಕೆ ಮೇಜಿನ ಮೇಲಿನ ಕರೆಗಂಟೆ ಬಡಿಯಿತು. ತಲೆಯೆತ್ತದೆ ಪೆನ್ನು ತೆಗೆದು, ಏನು ಕಳೆದುಕೊಂಡಿದ್ದೀರಿ ಎಂದು ಕೇಳಿದ.

“ಒಬ್ಬ ಮನೆಅಳಿಯ,” ಎಂದಳು ವಾಲ್‌ಟ್ರಾವ್ಟ್. “ನಿಮ್ಮ ಕಡೆ ಹುಡುಗನಂತೆ. ನಮ್ಮ ಮನೆಗೇ ಬಂದಿದ್ದು ಅಂತ ಬರ್ಕೊಳಿ.”

ಅವಳ ಬೆನ್ನಿಗೆ ಎಕ್‌ಹಾರ್ಡ್, ಅವನ ಹಿಂದೆ ಇಲ್ಜೆ, ಇಬ್ಬರೂ ಒಂದೊಂದು ಖಾಲಿ ನಮೂನೆ ಹಿಡಿದು ಸಾಲಿನಲ್ಲಿ ನಿಂತಿದ್ದರು.