ಗಂಡಂದಿರ ಹೆಸರಿಲ್ಲದ ಚರಿತ್ರೆ

ನಮ್ಮ ಸುಲೇಪೇಟದಲ್ಲಿ ಬಾವಿ ತೋಡಿಸಿದವರಿಗೂ ಕಟ್ಟೆ ಕಟ್ಟಿಸಿದವರಿಗೂ ಹೆಸರೇ ಇರಲಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಊರಿನ ಚರಿತ್ರೆಯೇ ಹಾಗೆ ಹೇಳುತ್ತಿತ್ತು. ಆ ಚರಿತ್ರೆ ಪೂರ್ತಿ ಇದ್ದದ್ದು ಬಳೆ ಮಾರುತ್ತಿದ್ದ ನಮ್ಮ ದೊಡ್ಡವ್ವನ ಬಾಯಲ್ಲಿ!

ಅದು ನಿಜಾಮರ ಕಾಲ. ಅಲ್ಲಿ ಹೈದರಾಬಾದಿನಲ್ಲಿ ಅವರು ರಾಜ್ಯ ನೋಡಿಕೊಳ್ಳುತ್ತಿದ್ದರು, ಇಲ್ಲಿ ದೊಡ್ಡವ್ವ ಸುಲೇಪೇಟವನ್ನು ನೋಡಿಕೊಳ್ಳುತ್ತಿದ್ದಳು. ಊರಿಗಾಗಿ ಒಂದು ಕಲ್ಲು ಎತ್ತಿಟ್ಟವನನ್ನೂ ಊರು ಮರೆಯಬಾರದು, ಅಷ್ಟೇ ಅವಳ ಹಟ. "ಸತ್ತವ್ರನ್ನ ಮಣ್ಣು ಮಾಡ್ತೀರಿ, ಮಾಡ್ರಿ. ಮರಿಯೂದ್ಯಾಕ?" ಎಂದು ಜಗಳಕ್ಕೇ ಬರುತ್ತಿದ್ದಳು.

ಚರಿತ್ರೆ ಸಂಗ್ರಹಿಸುವ ಅವಳ ಕ್ರಮ ಸರಳವಾಗಿತ್ತು. ಬಳೆ ಏರಿಸುತ್ತ ಏರಿಸುತ್ತ ಸರಿಯಾಗಿ ಗೆಣ್ಣಿನ ಮೇಲೆ ನಿಲ್ಲಿಸಿಬಿಡುವಳು. ಆಮೇಲೆ ನಿಧಾನವಾಗಿ, "ನಿಮ್ಮ ಮಾವನ ಅಪ್ಪ ಯಾವೂರಿಂದ ಬಂದಾವ್ರವ್ವ?" ಎಂದು ಕೇಳುವಳು. ಉತ್ತರ ಬಂದರೆ ಬಳೆ ಮಣಿಕಟ್ಟಿಗೆ ಸರಿಯುವುದು, ಇಲ್ಲದಿದ್ದರೆ ಅಲ್ಲೇ! ಐನಾಪುರದಿಂದ ಬಂದ ಹೊಸ ಸೊಸೆಯೊಬ್ಬಳು ನೋವು ತಾಳಲಾರದೆ, "ದಿಲ್ಲಿಯಿಂದ್ರಿ!" ಎಂದು ಚೀರಿಬಿಟ್ಟಳು. ಮನೆಯವರ ಬಾಯಿಂದ ಬಂದದ್ದೇ ಖರೆ, ಬಜಾರಿನ ಮಾತು ನಡೆಯುವುದಿಲ್ಲ ಎಂಬುದು ದೊಡ್ಡವ್ವನ ಕಾಯಿದೆ. ಹತ್ತಿರದ ಚಿಮ್ಮನಚೋಡ ದಾಟಿ ನೋಡಿರದ ಆ ಮನೆತನ ಅಂದಿನಿಂದ ದಿಲ್ಲಿಯದಾಯಿತು. ಆ ಸೊಸೆಯ ಅತ್ತೆಯಂತೂ ದಿಲ್ಲಿಯ ಹವಾ ಹೇಗಿರುತ್ತದೆಂದು ನಮಗೆಲ್ಲ ವಿವರಿಸತೊಡಗಿದಳು.

ತೊಡಕು ಬಂದದ್ದು ಹೆಸರಿನಲ್ಲಿ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಕಾಲ. ಯಾವ ಹೆಂಗಸು ಬಾಯಿ ಬಿಟ್ಟಾಳು? ಹೀಗಾಗಿ ದೊಡ್ಡ ಬಾವಿ ತೋಡಿಸಿದವನು ಸಂಗವ್ವನ ಗಂಡ, ಬೇವಿನ ಕಟ್ಟೆ ಕಟ್ಟಿಸಿದವನು ಗುರವ್ವನ ಗಂಡ. ಊರಿಗೆ ಮೊದಲು ಬಳೆ ತಂದವರು ಯಾರೆಂದು ಕೇಳಿದರೆ ದೊಡ್ಡವ್ವ ಸ್ವಲ್ಪ ನಾಚಿ, "ನಮ್ಮನಿಯವ್ರು" ಎನ್ನುತ್ತಿದ್ದಳು.

ಒಮ್ಮೆ ಚಿಂಚೋಳಿಯಿಂದ ಒಬ್ಬ ಸಾಹೇಬರು ಊರಿನ ಮಾಹಿತಿ ಬರೆದುಕೊಳ್ಳಲು ಬಂದರು. ಎಲ್ಲರೂ ದೊಡ್ಡವ್ವನ ಮನೆ ತೋರಿಸಿದರು. ಅರ್ಧ ಕೇಳುವಷ್ಟರಲ್ಲಿ ಅವರಿಗೆ ತಲೆಬಿಸಿಯಾಯಿತು.

"ಎಲ್ಲಾರೂ ಗಂಡಂದಿರೇ ಆದ್ರಲ್ಲ! ಹೆಸರಿಲ್ಲೇನು ಇವರಿಗಿ?"

"ಅದಾವ್ರಿ ಸಾಹೇಬ್ರ. ಮನ್ಯಾಗಿನವ್ರು ಹೇಳಿಲ್ರಿ."

ಮರುದಿನ ಅವರ ಜೊತೆ ಬಂದಿದ್ದ ಬೇಗಂ ದೊಡ್ಡವ್ವನಿಂದ ಬಳೆ ಇಡಿಸಿಕೊಂಡರು. ಅವರೂ ಗಂಡನ ಹೆಸರು ಹೇಳಲಿಲ್ಲ. ಊರಿನ ಮಾಹಿತಿ ಬರೆಯಲು ಬಂದಿದ್ದ ಆ ಸಾಹೇಬರು ನಮ್ಮ ಚರಿತ್ರೆಯಲ್ಲಿ ಬೇಗಂಸಾಹೇಬರ ಗಂಡ ಎಂದೇ ಉಳಿದರು.

ನನ್ನ ಮೇಲೂ ದೊಡ್ಡವ್ವನಿಗೆ ಸಿಟ್ಟಿತ್ತು. ಹಗ್ಗ ಜಗ್ಗಿ ಜಗ್ಗಿ ನನ್ನ ಅಂಗೈಗೆ ಬೊಬ್ಬೆ ಬಂದದ್ದನ್ನು ನೋಡಲಾರದೆ, ನಮ್ಮ ಮನೆಯವರು ವಾಡಿಯಿಂದ ಹಗ್ಗ ಸಲೀಸಾಗಿ ಓಡುವ ಕಬ್ಬಿಣದ ರಾಟೆ, ನಮ್ಮ ಮಾತಲ್ಲಿ ಗಡಗಡಿ, ತಂದು ದೊಡ್ಡ ಬಾವಿಗೆ ಹಾಕಿಸಿದ್ದರು. ಅಂದಿನಿಂದ ಊರ ಹೆಂಗಸರೆಲ್ಲ ಸುಖವಾಗಿ ನೀರು ಸೇದಿದರು.

"ಇಷ್ಟ್ ದೊಡ್ಡ ಕೆಲಸ ಮಾಡ್ಯಾನ. ಹೆಸರು ಹೇಳಲೇ ಹುಚ್ಚಿ!" ಎಂದು ಎಷ್ಟು ಗೆಣ್ಣು ಹಿಂಡಿದರೂ ನಾನು ಹಲ್ಲು ಕಚ್ಚಿ ಕೂತೆ. ನನಗೆ ಗಡಗಡಿಗಿಂತ ಅವರ ಆಯುಷ್ಯ ದೊಡ್ಡದಾಗಿತ್ತು.

ಆಯುಷ್ಯ ನನ್ನ ಮಾತು ಕೇಳಲಿಲ್ಲ. ಜ್ವರ ಬಂತು, ಹೋಗಿಬಿಟ್ಟರು.

ಸಮಾಧಾನ ಹೇಳಲು ಬಂದವರೆಲ್ಲ ಹಣೆಬರಹದ ಮಾತಾಡಿದರು, ಮಳೆಯ ಮಾತಾಡಿದರು. ನಮ್ಮ ಮನೆಯವರ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಬಳೆ ಒಡೆದ ಮನೆಗೆ ಬಳೆಗಾರ್ತಿ ಬರುವ ಪದ್ಧತಿಯಿಲ್ಲ. ಆದರೂ ದೊಡ್ಡವ್ವ ಬಂದಳು. ಬರಿಗೈಯಲ್ಲಿ ಬಂದು ನನ್ನ ಮಗ್ಗುಲಲ್ಲಿ ಕೂತು ಕೇಳಿದಳು:

"ದೊಡ್ಡ ಬಾವಿಗಿ ಗಡಗಡಿ ತಂದಾವ್ರು ಯಾರವ್ವ?"

ಇನ್ನು ಕಾಪಾಡಲು ಅವರ ಆಯುಷ್ಯವೆಲ್ಲಿತ್ತು? ಹೇಳಿದೆ.

"ಮಲ್ಲಿಕಾರ್ಜುನ."

ಮದುವೆಯಾದಂದಿನಿಂದ ಒಮ್ಮೆಯೂ ನನ್ನ ನಾಲಿಗೆಗೆ ಬರದಿದ್ದ ಹೆಸರು. ಎಷ್ಟು ಚೆಂದದ ಹೆಸರು! ನನಗೆ ಅಳು ತಡೆಯಲಾಗಲಿಲ್ಲ.

ದೊಡ್ಡವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಇನ್ನೊಮ್ಮಿ ಹೇಳವ್ವ," ಎಂದಳು, "ನನಗ ಭಾಳ ಕಿವಿ ಮಂದ."

ಅವಳ ಕಿವಿ ಎಷ್ಟು ಚುರುಕೆಂದು ಇಡೀ ಸುಲೇಪೇಟಕ್ಕೆ ಗೊತ್ತು. ನಾನು ಇನ್ನೊಮ್ಮೆ ಹೇಳಿದೆ.