ಹಾಡು ಯಾರ ಸ್ವಂತ?

ಪುತ್ತೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟವನು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಹಿಂದೆ ಜನ ಮೆಮೊರಿ ಕಾರ್ಡ್ ಕೊಟ್ಟು "ಹಾಡು ತುಂಬಿಸಿ" ಎನ್ನುತ್ತಿದ್ದರು. ಈಗ "ಹಾಡಿಗೆ ಯಾವ ಆಪ್ ಒಳ್ಳೆದು?" ಎಂದು ಕೇಳುತ್ತಾರೆ. ಆಪ್ ಮಾಡಿದವನು ಯಾವ ದೇಶದಲ್ಲಿದ್ದಾನೋ, ಬೈಗುಳ ತಿನ್ನಲು ಕೈಗೆ ಸಿಗುವವನು ಮಾತ್ರ ನಾನು.

ಬಸ್ಸಿಗೊಂದು ಆಪ್

ಬೆಳ್ಳಾರೆಗೆ ಹೋಗುವ ಬಸ್ಸಿನ ಮಾಲಕರೊಬ್ಬರಿಗೆ ನಾನೇ ಹೇಳಿದ್ದೆ, "ಎಷ್ಟು ವರ್ಷ ಅದೇ ಪೆನ್‌ಡ್ರೈವ್? ಆಪ್ ಹಾಕಿ, ದಿನಾ ಹೊಸ ಹಾಡು ಬರ್ತದೆ."

ಹಾಕಿಸಿದರು. ಮರುದಿನ ಕಂಡಕ್ಟರರೇ ಬಂದರು.

"ಎಂತ ಮಾಡಿದ್ರಿ ಮಾರಾಯ್ರೆ? ಒಬ್ಬರು ಅಮ್ಮ ದಾರಿಮಧ್ಯೆ ಇಳಿಯುವವರು ಸೀದಾ ಬೆಳ್ಳಾರೆಗೆ ಬಂದು ನನಗೆ ಬೈದರು. ಊರು ನೋಡಿ ಇಳಿಬೇಕಲ್ವಾ ಅಂತ ಕೇಳಿದೆ. 'ಊರು ಯಾರು ನೋಡ್ತಾರೆ? ನಾನು ನಿದ್ದೆ ಮಾಡುದು. ಕೊಳಲಿನ ಹಾಡು ಬಂದಾಗ ಎದ್ದು ಇಳಿಯುದು' ಅಂದರು."

ಪೆನ್‌ಡ್ರೈವ್ ಪ್ರತಿ ಟ್ರಿಪ್ಪಿಗೂ ಮೊದಲ ಹಾಡಿನಿಂದಲೇ ಶುರುವಾಗುತ್ತಿತ್ತಂತೆ.

"ಅದನ್ನೇ ವಾಪಸ್ ಹಾಕಿ," ಎಂದರು ಕಂಡಕ್ಟರರು. "ನಮ್ಮ ಸ್ಟಾಪೆಲ್ಲ ಅದರಲ್ಲೇ ಇದ್ದದ್ದು!"

ಸತ್ತ ಮೇಲೆ ಹುಟ್ಟಿದ ರಾಕ್ಷಸ

ಸುಳ್ಯದ ನಿವೃತ್ತ ಮಾಸ್ತರರೊಬ್ಬರಿಗೆ ಆಪಿಗೆ ದುಡ್ಡು ಕಟ್ಟಿ ಕೇಳುವ ಬಾಡಿಗೆ ಹಾಡು ಆಗದು. ಇಡೀ ರಾತ್ರಿಯ ಯಕ್ಷಗಾನವೊಂದರ ರೆಕಾರ್ಡಿಂಗನ್ನು ತುಂಡು ತುಂಡಾಗಿ ಫೋನಿನಲ್ಲಿ ಸ್ವಂತಕ್ಕೆ ಇಟ್ಟುಕೊಂಡರು. ಅದನ್ನು ಕೇಳಲು ಒಂದು ಪ್ಲೇಯರ್ ಹಾಕಿಕೊಟ್ಟೆ. ವಾರ ಬಿಟ್ಟು ಬಂದರು.

"ಅಲ್ಲ ಮಾರಾಯ್ರೆ, ಇದರಲ್ಲಿ ರಾಕ್ಷಸ ಮೊದಲೇ ಸಾಯ್ತಾನೆ. ಆಮೇಲೆ ಮದುವೆ ಆಗ್ತಾನೆ. ಮಂಗಳ ಹಾಡಿದ ಮೇಲೆ ಹುಟ್ತಾನೆ!"

ನೋಡಿದರೆ ಷಫಲ್ ಒತ್ತಿಹೋಗಿತ್ತು. ತುಂಡುಗಳೆಲ್ಲ ಹಿಂದುಮುಂದು. ಸರಿಮಾಡಲು ಕೈ ಹಾಕಿದೆ. ಮಾಸ್ತರರು ಫೋನು ಕಸಿದುಕೊಂಡರು.

"ಮುಟ್ಟಬೇಡಿ! ಇದು ಹೊಸ ಪ್ರಯೋಗ ಅಂತ ನಿನ್ನೆ ಯಕ್ಷಗಾನ ಸಂಘದಲ್ಲಿ ಮುಕ್ಕಾಲು ಗಂಟೆ ವಿಮರ್ಶೆ ಮಾಡಿ ಬಂದಿದ್ದೇನೆ. ಈಗ ನೀವು ಸರಿ ಮಾಡಿದರೆ ನನ್ನ ಭಾಷಣಕ್ಕೆ ಆಧಾರ ಎಲ್ಲಿ ಉಂಟು?"

ಕೇಳುವವನೇ ಒಡೆಯ

ಬೆಳ್ಳಾರೆ ಕಡೆಯ ಹಿರಿಯರೊಬ್ಬರನ್ನು ಊರವರು ಈಗಲೂ ಧಣಿ ಎನ್ನುತ್ತಾರೆ. ಅವರ ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲುಗಳು ಭೂಸುಧಾರಣೆಯ ಕಾಲದಲ್ಲಿ, ಉಳುವವರು ನಾವೇ ಎಂದು ಸರ್ಕಾರಕ್ಕೆ ಡಿಕ್ಲರೇಶನ್ ಹಾಕಿ ತಮ್ಮದು ಮಾಡಿಕೊಂಡದ್ದು ಹಳೆಯ ಕಥೆ. ಧಣಿಗಳ ಸಿಟ್ಟು ಮಾತ್ರ ಇನ್ನೂ ಹೊಸದು. ಬೆಳಿಗ್ಗೆ ಹಳೆಯ ಹಾಡು ಕೇಳದೆ ಅವರಿಗೆ ಕಾಫಿ ಇಳಿಯುವುದಿಲ್ಲ. ನನ್ನ ಮಾತು ನಂಬಿ ಚಂದಾ ಕಟ್ಟಿ, ಇಷ್ಟದ ಹಾಡುಗಳನ್ನೆಲ್ಲ ಆಪಿನಲ್ಲಿ ಡೌನ್‌ಲೋಡ್ ಮಾಡಿಕೊಂಡಿದ್ದರು. ಎರಡು ವರ್ಷ ಸುಖವಾಗಿ ಕೇಳಿದರು.

ಒಂದು ದಿನ ಅವರು ಅಂಗಡಿಗೆ ಬಂದಾಗ ಮುಖ ಕೆಂಪಾಗಿತ್ತು.

"ಒಂದು ಹಾಡೂ ಮಾತಾಡುದಿಲ್ಲ. ಬೀಗ ಹಾಕಿದ್ದಾರೆ!"

"ಚಂದಾ ಮುಗಿದಿದೆ ಧಣಿ. ಅದು ನಿಮ್ಮ ಸ್ವಂತ ಹಾಡಲ್ಲ. ಕಟ್ಟಿದಷ್ಟು ದಿನ ಕೇಳಬಹುದು, ಅಷ್ಟೆ."

"ಅಂದರೆ ಗೇಣಿ?"

"ಹೆಚ್ಚುಕಡಿಮೆ ಹಾಗೆಯೇ."

ಧಣಿಗಳು ಕುರ್ಚಿ ಎಳೆದು ಕೂತರು. ನನಗೆ ಬೈಗುಳದ ಮಳೆಯಾಗುತ್ತದೆಂದು ಹೆದರಿದ್ದೆ. ಅವರ ಮುಖದಲ್ಲಿ ನೋಡನೋಡುತ್ತ ಗೆಲುವು ಬಂತು.

"ಉಳುವವನೇ ಒಡೆಯ ಅಂತ ಹೇಳಿ ನಮ್ಮ ಗದ್ದೆ ತೆಗೊಂಡ್ರು. ಹಾಗಾದರೆ ಕೇಳುವವನೇ ಒಡೆಯ! ಎರಡು ವರ್ಷ ಬಿಡದೆ ಕೇಳಿದವ ನಾನು. ಹೇಳಿ, ಡಿಕ್ಲರೇಶನ್ ಎಲ್ಲಿ ಹಾಕುದು?"

ಚಾರ್ಜರ್ ಕೊಳ್ಳಲು ಬಂದಿದ್ದ ಅವರ ಹಳೆಯ ಒಕ್ಕಲಿನ ಮಗ, ಈಗ ಅವರ ಪಕ್ಕದ ಮನೆಯವರು, ಇದನ್ನೆಲ್ಲ ಕೇಳುತ್ತಿದ್ದರು. ಈಗ ವಿನಯದಿಂದ ಮುಂದೆ ಬಂದರು.

"ಧೈರ್ಯದಲ್ಲಿ ಹಾಕಿ ಧಣಿ. ನಮ್ಮ ಅಪ್ಪ ಹಾಕಿದಾಗ ಸಾಕ್ಷಿ ಹೇಳ್ಲಿಕ್ಕೆ ಒಬ್ಬನೂ ಸಿಗಲಿಲ್ಲ. ನಿಮಗೆ ಆ ಚಿಂತೆ ಇಲ್ಲ. ನೀವು ಇಡುವ ವಾಲ್ಯೂಮಿಗೆ ಎರಡು ವರ್ಷದಿಂದ ಬೆಳಿಗ್ಗೆ ನಿದ್ದೆ ಕೆಟ್ಟವರು ಇಡೀ ಊರೇ ಉಂಟು!"