ಮೂರರಲ್ಲಿ ಯಾವುದು ಬೇರೆ?

ನಾಲ್ಕು ವರ್ಷದಿಂದ ನನ್ನ ಕಸುಬೇ ಇದು: ಜನರ ಮುಂದೆ ಮೂರು ಬಟ್ಟಲು ಸೂಪಿಟ್ಟು "ಇದರಲ್ಲಿ ಯಾವುದು ಬೇರೆ?" ಅಂತ ಕೇಳೋದು. ಎರಡರಲ್ಲಿ ಒಂದೇ ಸೂಪು, ಒಂದರಲ್ಲಿ ಉಪ್ಪು ಕಡಿಮೆ. ಯಾರಿಗೂ ಗೊತ್ತಾಗದಿದ್ದರೆ ನನ್ನ ಪಿಎಚ್‌ಡಿ ಗೆದ್ದಂತೆ. ಇಂಥ ಕೆಲಸದಲ್ಲಿ ಎಡವಟ್ಟುಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಟ್ರಾಮ್ ಹತ್ತಿ ಇಂಗ್ಲೆಂಡಿನ ನಮ್ಮ ಈ ಬೀಸ್ಟನ್‌ಗೆ ಬರುತ್ತವೆ.

೧

ಲ್ಯಾಬಿನಲ್ಲಿ ಭಾರತದವರು ಇಬ್ಬರೇ: ನಾನೊಬ್ಬಳು, ಕೇರಳದವಳೊಬ್ಬಳು. ಅವಳು ನನಗಿಂತ ಒಂದು ಗೇಣು ಎತ್ತರ. ಆದರೂ ವಿಭಾಗದ ಮುಖ್ಯಸ್ಥರು ನನ್ನನ್ನು ನಿಲ್ಲಿಸಿ "ಮಗು ಹೇಗಿದೆ?" ಅಂದರು. ಹೆತ್ತವಳು ಅವಳು! ಮೈಯೆಲ್ಲ ಉರಿದುಹೋಯ್ತು. ಬಣ್ಣ ಕಂಡ ಮೇಲೆ ಮುಖ ನೋಡೋದೇ ಇಲ್ವಲ್ಲ ಇವರು ಅಂತ ಗಂಡನ ಹತ್ರ ವಾರವೆಲ್ಲ ಕೂಗಾಡಿದೆ. ಮರುವಾರ ನಮ್ಮ ಗಡ್ಡದ ಬಿಳಿಯ ಟೆಕ್ನಿಷಿಯನ್ ಒಂದೇ ಸಲಕ್ಕೆ ಎರಡು ಬಾಗಿಲಿಂದ ಒಳಗೆ ಬಂದ. ಇಬ್ಬರಿದ್ದರು ಕಣ್ರೀ! ಪಾಪ, ಒಬ್ಬನೇ ಎಷ್ಟು ದುಡೀತಾನೆ ಅಂತ ನಾನು ವರ್ಷದಿಂದ ಮರುಗುತ್ತಿದ್ದೆ.

೨

ರುಚಿ ನೋಡಲು ಬರೋರು ಹೆಚ್ಚಾಗಿ ನಿವೃತ್ತರು. ಬಾಯಿಗೆ ಹಾಕಿಕೊಂಡು ಉಗಿಯಲಿ ಅಂತ ಪಕ್ಕದಲ್ಲಿ ಒಂದು ಲೋಟ ಇಟ್ಟಿರ್ತೀವಿ. ಒಬ್ಬ ಅಜ್ಜಿ ಉಗಿಯೋದಿರಲಿ, ಬಟ್ಟಲು ಬಳಿದು ಕುಡಿದು, ಮೂರಕ್ಕೂ ಟಿಕ್ ಹಾಕಿದ್ದರು. ಒಂದನ್ನೇ ಆರಿಸಬೇಕಲ್ಲ ಅಂದೆ. "ಮೂರೂ ಚೆನ್ನಾಗಿವೆ ಮಗಳೇ. ಒಂದನ್ನ ಮಾತ್ರ ಬೇರೆ ಮಾಡಿದರೆ ಚೆನ್ನಾಗಿರುತ್ತಾ?" ಅಂತ ನನಗೇ ಬುದ್ಧಿ ಹೇಳಿದರು.

೩

ಕೊನೇ ಸುತ್ತಿನ ದಿನ ರುಚಿ ನೋಡೋರಲ್ಲಿ ಒಬ್ಬರಿಗೆ ನೆಗಡಿ. "ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬಾ" ಅಂದರು ಗೈಡ್. ಮನೇಲಿದ್ದದ್ದು ಮೈಸೂರಿನಿಂದ ಬಂದಿದ್ದ ನಮ್ಮತ್ತೆ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೂ ಹಿಡಿಯುವ ನಾಲಿಗೆ! ಬೇರೆ ದಾರಿಯಿರಲಿಲ್ಲ.

ಗೂಡಿನಂಥ ಕೋಣೆಯಲ್ಲಿ ಅವರು, ಪುಟ್ಟ ಕಿಟಕಿಯ ಈಚೆ ನಾನು. ಆರು ಸಲ ಮೂರು ಮೂರು ಬಟ್ಟಲು ಕೊಟ್ಟೆ. ಆರಕ್ಕೆ ಆರೂ ಸರಿ! ಮಿಕ್ಕವರೆಲ್ಲ ಕತ್ತಲಲ್ಲಿ ಕಲ್ಲು ಹೊಡೆದಿದ್ದರು. ಗೈಡ್ ಮುಖ ಇಳಿಯಿತು. "ಹೇಗೆ ಕಂಡುಹಿಡಿದರು ಕೇಳು. ಇಲ್ಲದಿದ್ದರೆ ಎಲ್ಲಾ ಮೊದಲಿಂದ ಮಾಡಬೇಕು." ನಾಲ್ಕು ವರ್ಷ ನೀರಿನಲ್ಲಿ ಹೋಮ.

"ಅತ್ತೆ, ರುಚಿಯಲ್ಲಿ ಏನು ಗೊತ್ತಾಯ್ತು?"

"ಯಾವ ರುಚಿನೇ? ಇವತ್ತು ಏಕಾದಶಿ. ನಿನ್ನ ಓದು ನಿಲ್ಲಬಾರದು ಅಂತ ಬಂದೆ ಅಷ್ಟೆ. ಎಲ್ಲಾ ಆ ಉಗಿಯೋ ಲೋಟಕ್ಕೆ ಸುರಿದೆ."

"ಮತ್ತೆ ಆರೂ ಸರಿ ಹೇಳಿದ್ರಲ್ಲ!"

"ಒಂದೊಂದೇ ಬಟ್ಟಲು ಮುಟ್ಟಿ ನಿನ್ನ ಮುಖ ನೋಡ್ದೆ. ಒಂದನ್ನ ಮುಟ್ಟಿದಾಗ ಮಾತ್ರ ನೀನು ಉಸಿರು ಬಿಗಿಹಿಡೀತಿದ್ದೆ."

ಗೈಡ್ ಹಣೆ ಚಚ್ಚಿಕೊಂಡು ನಕ್ಕರು. "ತಪ್ಪು ಸೂಪಿನದಲ್ಲ, ನಿನ್ನ ಮುಖದ್ದು. ಮಿಕ್ಕವರು ಆ ಮುಖ ಎದುರಿಗಿದ್ದೂ ಸೋತಿದ್ದಾರೆ!" ಅಂತ ಅತ್ತೆಯ ಹಾಳೆಯನ್ನು ಬದಿಗಿಟ್ಟರು. ಇನ್ನು ಮುಂದೆ ಯಾವುದು ಯಾವುದೆಂದು ಗೊತ್ತಿಲ್ಲದವರೇ ಬಟ್ಟಲು ಕೊಡಬೇಕಂತೆ. ಅಬ್ಬಾ, ಬದುಕಿದೆಯಾ ಬಡಜೀವವೇ!

ಟ್ರಾಮಿನಲ್ಲಿ ಕೇಳಿದೆ: "ಅಷ್ಟು ಸಣ್ಣದೂ ನಿಮ್ಮ ಕಣ್ಣಿಗೆ ಹೇಗೆ ಬಿತ್ತು ಅತ್ತೆ?"

"ಬೀಳದೆ ಏನು? ಮದುವೆಯಾದಾಗಿಂದ ನಿನ್ನ ಸಾರಿನ ಮೊದಲ ತುತ್ತು ನಾನು ಎತ್ತಿದಾಗೆಲ್ಲ ನೀನು ಹಾಗೇ ನಿಲ್ತೀಯ. ಉಪ್ಪು ಹೆಚ್ಚಾಗಿದೆ ಅಂತ ನನ್ನ ನಾಲಿಗೆ ಒಂದು ದಿನವೂ ಹೇಳಿಲ್ಲ ಕಣೇ, ನಿನ್ನ ಮುಖವೇ ಹೇಳೋದು!"